ಮಾದರಿ ಕಟ್ಟಡಗಳ ಭೂಕಂಪ ನಿರೋಧಕತೆಯ ಪರೀಕ್ಷೆ

ಮಾದರಿ ಕಟ್ಟಡಗಳ ಭೂಕಂಪ ನಿರೋಧಕತೆಯ ಪರೀಕ್ಷೆ ಎಂಬುದು ಕಟ್ಟಡವೊಂದರ ಚಿಕ್ಕ ಪ್ರತಿರೂಪವನ್ನು ಅಲುಗಾಡುವ ಪೀಠದ ಮೇಲೆ ನಿಲ್ಲಿಸಿ, ನೆಲದ ಕಂಪನಕ್ಕೆ ಅದು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಅಳೆಯುವ ಪ್ರಯೋಗ. ಅಲುಗಾಡುವ ಪೀಠವನ್ನು ಕಂಪನ ಪೀಠ ಅಥವಾ ಷೇಕ್ ಟೇಬಲ್ ಎಂದು ಕರೆಯುತ್ತಾರೆ. ಸಂಶೋಧನಾ ಸಂಸ್ಥೆಗಳಲ್ಲಿ ಇದು ಗಣಕ ನಿಯಂತ್ರಿತವಾದ ದೊಡ್ಡ ಯಂತ್ರ. ಶಾಲಾ ಕಾಲೇಜುಗಳಲ್ಲಿ ಹಲಗೆ, ಗೋಲಿ ಮತ್ತು ತಿರುಗುವ ಚಕ್ರದಿಂದ ಇದನ್ನು ತಯಾರಿಸಬಹುದು.

ಮಾದರಿ ಬಿತ್ತೋ ನಿಂತಿತೋ ಎಂದು ನೋಡುವುದಷ್ಟೇ ಈ ಪ್ರಯೋಗದ ಉದ್ದೇಶವಲ್ಲ. ಒಂದೇ ಒಂದು ಅಂಶದಲ್ಲಿ ಭಿನ್ನವಾಗಿರುವ ಎರಡು ಮಾದರಿಗಳನ್ನು ಒಂದೇ ಬಗೆಯ ಕಂಪನಕ್ಕೆ ಒಳಪಡಿಸಿ, ಆ ಒಂದು ಅಂಶದಿಂದ ಆಗುವ ವ್ಯತ್ಯಾಸವನ್ನು ಗುರುತಿಸುವುದು ಇದರ ಮುಖ್ಯ ಗುರಿ. ಗೋಡೆಯ ದಪ್ಪಕ್ಕಿಂತ ಗೋಡೆ, ಮೂಲೆ ಮತ್ತು ಮಾಡುಗಳ ನಡುವಿನ ಬಂಧ ಹೆಚ್ಚು ಮುಖ್ಯ ಎಂಬ ಭೂಕಂಪ ಎಂಜಿನಿಯರಿಂಗ್‌ನ ಮೂಲ ಪಾಠವನ್ನು ಇದು ಕಣ್ಣೆದುರಿಗೆ ತೋರಿಸುತ್ತದೆ.

ಸ್ಥಳೀಯ ಹಿನ್ನೆಲೆ

ಪೆರೇಸಂದ್ರವು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಬೆಂಗಳೂರು–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಚಿಕ್ಕಬಳ್ಳಾಪುರ ಮತ್ತು ಬಾಗೇಪಲ್ಲಿಗಳ ನಡುವೆ ಇರುವ ಊರು. ಇಲ್ಲಿನ ನೆಲ ದಖ್ಖನ್ ಪರ್ಯಾಯ ದ್ವೀಪದ ಅತ್ಯಂತ ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆಗಳಿಂದ ಕೂಡಿದೆ. ಇಂತಹ ಗಟ್ಟಿ ನೆಲದಲ್ಲಿ ಭೂಕಂಪ ಸಂಭವಿಸುವುದಿಲ್ಲ ಎಂಬ ನಂಬಿಕೆ ಬಹುಕಾಲ ಜನರಲ್ಲಿತ್ತು.

2021ರ ಕೊನೆಯ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ನೆಲದೊಳಗಿನಿಂದ ಭಾರಿ ಸದ್ದು ಕೇಳಿಸಿ, ಲಘು ಕಂಪನಗಳು ಅನುಭವಕ್ಕೆ ಬಂದವು. 2021ರ ಡಿಸೆಂಬರ್ 22ರ ಬೆಳಿಗ್ಗೆ 7 ಗಂಟೆಯ ನಂತರ ಸುಮಾರು ಐದು ನಿಮಿಷಗಳ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳನ್ನು ರಾಷ್ಟ್ರೀಯ ಭೂಕಂಪನ ಕೇಂದ್ರ ದಾಖಲಿಸಿತು. ಮರುದಿನ ಮಧ್ಯಾಹ್ನ 3.6 ತೀವ್ರತೆಯ ಕಂಪನವೂ ದಾಖಲಾಯಿತು. ಪೆರೇಸಂದ್ರಕ್ಕೆ ಹತ್ತಿರದ ಮಂಡಿಕಲ್ ಸುತ್ತಲಿನ ಗ್ರಾಮಗಳಲ್ಲಿ ಜನರು ಮನೆಗಳಿಂದ ಹೊರಗೆ ಓಡಿ ಬಂದರು. ಆ ವರ್ಷ ಬಿದ್ದ ಅಸಾಧಾರಣ ಮಳೆಯ ನೀರು ಶಿಲೆಗಳ ಬಿರುಕುಗಳಿಗೆ ಇಳಿದು, ಅಲ್ಲಿನ ಒತ್ತಡದಲ್ಲಿ ಬದಲಾವಣೆಯಾಗಿ ಇಂತಹ ಲಘು ಕಂಪನಗಳು ಉಂಟಾಗುತ್ತವೆ ಎಂಬ ವಿವರಣೆಯನ್ನು ತಜ್ಞರು ನೀಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತಲೂ ಕಂಪನಗಳ ಸರಣಿ ಕಂಡುಬಂದಿತ್ತು.

ಇವು ಕಟ್ಟಡಗಳನ್ನು ಉರುಳಿಸುವಷ್ಟು ಬಲವಾದ ಕಂಪನಗಳಲ್ಲ. ತೀವ್ರತೆಯ ಅಳತೆಯಲ್ಲಿ ಒಂದು ಅಂಕ ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಈ ಲೆಕ್ಕದಂತೆ 6.2 ತೀವ್ರತೆಯ ಭೂಕಂಪದ ಶಕ್ತಿಯು 3.6 ತೀವ್ರತೆಯದಕ್ಕಿಂತ ಸುಮಾರು 8,000 ಪಟ್ಟು ಹೆಚ್ಚು. ಆದರೂ ಮನೆಗಳ ಸುರಕ್ಷತೆಯ ಪ್ರಶ್ನೆಯನ್ನು ಈ ಲಘು ಕಂಪನಗಳು ಸಾರ್ವಜನಿಕರ ಮುಂದಿಟ್ಟವು.

ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯು ದೇಶವನ್ನು ಎರಡರಿಂದ ಐದರವರೆಗಿನ ನಾಲ್ಕು ಭೂಕಂಪ ವಲಯಗಳಾಗಿ ವಿಂಗಡಿಸಿದೆ. ಅದರಲ್ಲಿ ಚಿಕ್ಕಬಳ್ಳಾಪುರ ಪ್ರದೇಶವು ಅಪಾಯ ಅತಿ ಕಡಿಮೆ ಎನಿಸಿದ ಎರಡನೆಯ ವಲಯದಲ್ಲಿದೆ. ಕಡಿಮೆ ಅಪಾಯ ಎಂದರೆ ಅಪಾಯವೇ ಇಲ್ಲ ಎಂದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪ ಸಂಭವಿಸಿ ಸುಮಾರು 10,000 ಜನರು ಮೃತಪಟ್ಟರು. ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟು ಎರಡನೆಯದರಲ್ಲಿ ಸೇರಿಸಲಾಯಿತು.

ಕಿಲ್ಲಾರಿಯಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣವಾದದ್ದು ಮನೆಗಳ ರಚನೆ. ಉಂಡೆಗಲ್ಲುಗಳನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆಗಳ ಮೇಲೆ ಭಾರವಾದ ಮಣ್ಣಿನ ಮಾಳಿಗೆಗಳಿದ್ದವು. ಗೋಡೆಯ ಒಳಮುಖ ಹೊರಮುಖಗಳನ್ನು ಬೆಸೆಯುವ ಉದ್ದ ಕಲ್ಲುಗಳಿರಲಿಲ್ಲ. ಕಂಪನಕ್ಕೆ ಎರಡು ಮುಖಗಳೂ ಬೇರ್ಪಟ್ಟು ಕುಸಿದವು. ಮಾಳಿಗೆ ಮಲಗಿದ್ದವರ ಮೇಲೆ ಬಿತ್ತು. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಈಗಲೂ ಉಳಿದಿರುವ ಹಳೆಯ ಕಲ್ಲುಚಪ್ಪಡಿ ಮಾಳಿಗೆಯ ಮನೆಗಳ ವಿಷಯದಲ್ಲಿ ಈ ಉದಾಹರಣೆ ಗಮನಾರ್ಹ. ಈ ಕಾರಣದಿಂದ ಇಲ್ಲಿನ ವಿದ್ಯಾರ್ಥಿಗಳಿಗೆ ಮಾದರಿ ಪರೀಕ್ಷೆಯು ತಮ್ಮ ಊರಿನ ಮನೆಗಳನ್ನು ಅರಿಯುವ ಒಂದು ಸಾಧನವಾಗಬಲ್ಲದು.

ತತ್ತ್ವ

ಜಡತ್ವ ಮತ್ತು ತೂಕ

ಭೂಕಂಪದಲ್ಲಿ ಮೊದಲು ಚಲಿಸುವುದು ನೆಲ. ಅದರೊಂದಿಗೆ ತಳಪಾಯವೂ ಚಲಿಸುತ್ತದೆ; ಮೇಲಿನ ಭಾಗವು ಜಡತ್ವದಿಂದ ಇದ್ದಲ್ಲೇ ಉಳಿಯಲು ಯತ್ನಿಸುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತ ಪ್ರಯಾಣಿಕ ಹಿಂದಕ್ಕೆ ವಾಲುವುದು ಇದೇ ಕಾರಣದಿಂದ. ನ್ಯೂಟನ್ನನ ಎರಡನೆಯ ನಿಯಮದ ಪ್ರಕಾರ ಬಲವು ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಆದ್ದರಿಂದ ಕಟ್ಟಡದ ಮೇಲ್ಭಾಗ ಭಾರವಾದಷ್ಟೂ ಗೋಡೆ ಕಂಬಗಳ ಮೇಲೆ ಬೀಳುವ ಅಡ್ಡಬಲ ಹೆಚ್ಚುತ್ತದೆ.

ಉದಾಹರಣೆಗೆ, 3 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಗೆ 8 ಸೆಂ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ ಹೊದಿಸಿದರೆ ಅದರ ತೂಕ ಸುಮಾರು 1.9 ಟನ್ ಆಗುತ್ತದೆ. ನೆಲದ ವೇಗೋತ್ಕರ್ಷವು ಗುರುತ್ವದ ಹತ್ತನೆಯ ಒಂದು ಭಾಗದಷ್ಟಿದ್ದರೂ, ಸುಮಾರು 190 ಕಿ.ಗ್ರಾಂ. ತೂಕಕ್ಕೆ ಸಮನಾದ ಬಲವು ಗೋಡೆಗಳ ತಲೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಹೆಂಚಿನ ಮಾಡಿನ ತೂಕ ಇದಕ್ಕಿಂತ ಬಹಳ ಕಡಿಮೆ. ಗೋಡೆಗಳು ಮೇಲಿನಿಂದ ಬೀಳುವ ಭಾರವನ್ನು ಸುಲಭವಾಗಿ ಹೊರುತ್ತವೆ, ಆದರೆ ಪಕ್ಕದ ತಳ್ಳುವಿಕೆಯನ್ನು ತಡೆಯುವ ಶಕ್ತಿ ಅವುಗಳಿಗೆ ಕಡಿಮೆ.

ಸಹಜ ಆವೃತ್ತಿ ಮತ್ತು ಅನುನಾದ

ಪ್ರತಿ ಕಟ್ಟಡವೂ ಒಮ್ಮೆ ತಳ್ಳಿ ಬಿಟ್ಟರೆ ತನ್ನದೇ ಆದ ಲಯದಲ್ಲಿ ತೂಗಾಡುತ್ತದೆ. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಬಾರಿ ತೂಗುತ್ತದೆಯೋ ಅದು ಅದರ ಸಹಜ ಆವೃತ್ತಿ. ಒಂದು ತೂಗಾಟಕ್ಕೆ ಬೇಕಾದ ಸಮಯ ಅದರ ಆಂದೋಲನ ಕಾಲ. ರಾಶಿ ಹೆಚ್ಚಿದರೆ ಈ ಕಾಲ ಹೆಚ್ಚುತ್ತದೆ, ಬಿಗಿತ ಹೆಚ್ಚಿದರೆ ಕಡಿಮೆಯಾಗುತ್ತದೆ. ಸ್ಥೂಲವಾಗಿ ಪ್ರತಿ ಅಂತಸ್ತಿಗೆ 0.1 ಸೆಕೆಂಡ್ ಎಂದು ಲೆಕ್ಕ ಹಾಕುವುದುಂಟು. ಅಂದರೆ ಹತ್ತು ಅಂತಸ್ತಿನ ಕಟ್ಟಡದ ಆಂದೋಲನ ಕಾಲ ಸುಮಾರು ಒಂದು ಸೆಕೆಂಡ್.

ನೆಲದ ಕಂಪನದ ಆವೃತ್ತಿಯು ಕಟ್ಟಡದ ಸಹಜ ಆವೃತ್ತಿಗೆ ಸಮನಾದಾಗ ತೂಗಾಟವು ಪ್ರತಿ ಸುತ್ತಿನಲ್ಲೂ ಹೆಚ್ಚುತ್ತಾ ಹೋಗುತ್ತದೆ. ಇದಕ್ಕೆ ಅನುನಾದ ಎಂದು ಹೆಸರು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಅದು ಎತ್ತರಕ್ಕೇರುವುದು ಇದೇ ತತ್ತ್ವದಿಂದ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ, ಕೇಂದ್ರಬಿಂದು 300 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದರೂ, ಮಧ್ಯಮ ಎತ್ತರದ ಬಹುಮಹಡಿ ಕಟ್ಟಡಗಳು ಹೆಚ್ಚಿನ ಸಂಖ್ಯೆಯಲ್ಲಿ ಹಾನಿಗೊಂಡವು. ಹಳೆಯ ಸರೋವರದ ಮೆತ್ತನೆಯ ಮಣ್ಣು ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗಿದ್ದು, ಆ ಲಯವು ಅಂತಹ ಕಟ್ಟಡಗಳ ಲಯಕ್ಕೆ ಹತ್ತಿರವಾಗಿದ್ದುದು ಇದಕ್ಕೆ ಕಾರಣ.

ಬಿಗಿತ ಮತ್ತು ತನ್ಯತೆ

ಎರಡು ತುದಿಯಲ್ಲೂ ಬಿಗಿದ ಕಂಬದ ಎತ್ತರವನ್ನು ಇಮ್ಮಡಿಗೊಳಿಸಿದರೆ ಪಕ್ಕದ ಬಲಕ್ಕೆ ಅದು ತೋರುವ ಬಿಗಿತ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಿಗಿತವೊಂದೇ ಸಾಲದು. ಮುರಿಯದೆ ಬಾಗಿ, ಬಾಗುವಾಗ ಕಂಪನದ ಶಕ್ತಿಯನ್ನು ಹೀರಿಕೊಳ್ಳುವ ಗುಣವೂ ಬೇಕು. ಈ ಗುಣವೇ ತನ್ಯತೆ. ಉಕ್ಕಿನ ಸರಳು ಮತ್ತು ಬಿದಿರಿಗೆ ಬಾಗಿ ತಾಳುವ ಗುಣವಿದೆ. ಕಲ್ಲು, ಇಟ್ಟಿಗೆ ಮತ್ತು ಒಣಮಣ್ಣಿಗೆ ಇಲ್ಲ. ಇಟ್ಟಿಗೆ ಗೋಡೆಯ ಸುತ್ತ ಬಾಗಬಲ್ಲ ಪಟ್ಟಿಯನ್ನು ಬಿಗಿಯುವುದರ ಉದ್ದೇಶ, ಒಡೆಯುವ ವಸ್ತುವಿಗೆ ಬಾಗುವ ವಸ್ತುವಿನ ಆಸರೆ ಒದಗಿಸುವುದು.

ಪರೀಕ್ಷಾ ವಿಧಾನದ ಬೆಳವಣಿಗೆ

ಕಂಪನ ಪೀಠದ ಪ್ರಯೋಗಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನಲ್ಲಿ ಆರಂಭವಾದವು. ಅಲ್ಲಿ ಜಾನ್ ಮಿಲ್ನ್ ಮತ್ತು ಫುಸಾಕಿಚಿ ಒಮೊರಿ ಇಟ್ಟಿಗೆ ಕಂಬಗಳನ್ನು ಅಲುಗಾಡಿಸಿ ಅವು ಉರುಳುವ ವೇಗೋತ್ಕರ್ಷವನ್ನು ಅಧ್ಯಯನ ಮಾಡಿದರು. ಇಂದು ಜಪಾನಿನ ಹ್ಯೋಗೊ ಪ್ರಾಂತದ ಮಿಕಿ ನಗರದಲ್ಲಿರುವ ಇ–ಡಿಫೆನ್ಸ್ ಎಂಬ ಪೀಠವು 20 ಮೀಟರ್ ಉದ್ದ, 15 ಮೀಟರ್ ಅಗಲವಿದ್ದು 1,200 ಟನ್ ಭಾರದ ಪೂರ್ಣ ಗಾತ್ರದ ಕಟ್ಟಡವನ್ನೇ ಅಲುಗಾಡಿಸಬಲ್ಲದು. ಇದು 2005ರಲ್ಲಿ ಕಾರ್ಯಾರಂಭ ಮಾಡಿತು.

ಭಾರತದಲ್ಲಿ 1960ರಲ್ಲಿ ರೂರ್ಕಿ ವಿಶ್ವವಿದ್ಯಾಲಯದಲ್ಲಿ ಜೈ ಕೃಷ್ಣ ಅವರ ನೇತೃತ್ವದಲ್ಲಿ ಭೂಕಂಪ ಎಂಜಿನಿಯರಿಂಗ್ ಶಾಲೆ ಸ್ಥಾಪನೆಯಾಯಿತು. ದೊಡ್ಡ ಪೀಠಗಳು ದೊರೆಯದಿದ್ದ ಕಾಲದಲ್ಲಿ ಅಲ್ಲಿ ಹಳಿಯ ಮೇಲಿನ ರೈಲು ವ್ಯಾಗನ್ನಿನಲ್ಲಿ ಇಟ್ಟಿಗೆ ಮನೆಯ ಮಾದರಿಯನ್ನು ಕಟ್ಟಿ, ಮತ್ತೊಂದು ವ್ಯಾಗನ್ನಿನಿಂದ ಡಿಕ್ಕಿ ಹೊಡೆಸಿ ಪರೀಕ್ಷಿಸುವ ಸರಳ ಉಪಾಯವನ್ನು ಬಳಸಲಾಯಿತು.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಕಟ್ಟಡ ಮತ್ತು ಮಣ್ಣಿನ ಮಾದರಿಗಳನ್ನು ಕಂಪನ ಪೀಠಗಳ ಮೇಲೆ ಪರೀಕ್ಷಿಸಲಾಗುತ್ತದೆ. ಬೆಂಗಳೂರಿನಲ್ಲೇ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ 3 ಮೀಟರ್ ಉದ್ದ, 3 ಮೀಟರ್ ಅಗಲದ, 10 ಟನ್ ಭಾರ ಹೊರಬಲ್ಲ ಪೀಠವಿದೆ. ಮೂರು ದಿಕ್ಕುಗಳಲ್ಲಿಯೂ ಚಲಿಸಬಲ್ಲ ಈ ಪೀಠದ ಮೇಲೆ ವಿದ್ಯುತ್ ಉಪಕರಣಗಳನ್ನೂ ಕಟ್ಟಡ ಮಾದರಿಗಳನ್ನೂ ಪರೀಕ್ಷಿಸುತ್ತಾರೆ.

2001ರ ಜನವರಿ 26ರ ಭುಜ್ ಭೂಕಂಪದ ನಂತರ ಕೆ. ಎಸ್. ಜಗದೀಶ್, ಎಸ್. ರಘುನಾಥ್ ಮತ್ತು ಕೆ. ಎಸ್. ನಂಜುಂಡ ರಾವ್ ಅವರು ಅಲ್ಲಿನ ಕಲ್ಲು ಮತ್ತು ಇಟ್ಟಿಗೆ ಕಟ್ಟಡಗಳ ವರ್ತನೆಯನ್ನು ಅಧ್ಯಯನ ಮಾಡಿದರು. ಅರ್ಧ ಗಾತ್ರದ ಇಟ್ಟಿಗೆ ಮನೆಗಳನ್ನು ಕಟ್ಟಿ, ತೂಗುವ ಭಾರದಿಂದ ಹೊಡೆತ ಕೊಡುವ ಆಘಾತ ಪೀಠದ ಮೇಲೆ ಪರೀಕ್ಷಿಸುವ ಕಾರ್ಯವೂ ನಡೆಯಿತು. ಬಾಗಿಲು ಕಿಟಕಿಗಳ ಮೇಲಿನ ಅಡ್ಡ ಪಟ್ಟಿಯ ಜೊತೆಗೆ ಗೋಡೆಯ ಒಳಮೈ ಹೊರಮೈಗಳೆರಡರಲ್ಲೂ ಲಂಬವಾಗಿ ತೆಳು ಸರಳುಗಳನ್ನು ಇಟ್ಟು, ಇಟ್ಟಿಗೆ ವರಸೆಗಳ ನಡುವೆ ಹಾಯುವ ಕೊಂಡಿಗಳಿಂದ ಅವನ್ನು ಪರಸ್ಪರ ಬಿಗಿಯುವ ವಿಧಾನವನ್ನು ಈ ಸಂಶೋಧಕರು ಮುಂದಿಟ್ಟರು. ಗೋಡೆಯು ಸೀಳು ಬಿಟ್ಟರೂ ಕಳಚಿ ಬೀಳದಂತೆ ಹಿಡಿದಿಡುವುದು ಇದರ ಉದ್ದೇಶ. ವಿದ್ಯಾರ್ಥಿ ಪ್ರಯೋಗವು ಇಂತಹ ಪರೀಕ್ಷೆಗಳ ಸರಳ ರೂಪವೇ ಆಗಿದೆ.

ವಿದ್ಯಾರ್ಥಿ ಪ್ರಯೋಗ

ಕಂಪನ ಪೀಠದ ತಯಾರಿ

ಸುಮಾರು 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಎರಡು ಗಟ್ಟಿ ಹಲಗೆಗಳು ಬೇಕು. ಕೆಳಗಿನ ಹಲಗೆಯನ್ನು ಮೇಜಿಗೆ ಬಿಗಿದು, ಅದರ ಮೇಲೆ ಒಂದೇ ಗಾತ್ರದ ಗಾಜಿನ ಗೋಲಿಗಳನ್ನು ಇಟ್ಟು, ಮೇಲಿನ ಹಲಗೆಯನ್ನು ಹೊಂದಿಸಬೇಕು. ಗೋಲಿಗಳು ಚದುರದಂತೆಯೂ ಹಲಗೆ ಒಂದೇ ದಿಕ್ಕಿನಲ್ಲಿ ಚಲಿಸುವಂತೆಯೂ ಎರಡು ಬದಿಗಳಲ್ಲಿ ಪಟ್ಟಿಗಳನ್ನು ಹೊಡೆಯಬೇಕು. ಗೋಲಿಗಳ ಬದಲು ಮೇಜಿನ ಸೆಳೆಖಾನೆಗೆ ಬಳಸುವ ಲೋಹದ ಜಾರುಪಟ್ಟಿಗಳನ್ನೂ ಬಳಸಬಹುದು.

ಹಲಗೆಯನ್ನು ಹಿಂದೆ ಮುಂದೆ ಚಲಿಸಲು ತಿರುಗುವ ಚಕ್ರ ಬೇಕು. ಹಳೆಯ ಹೊಲಿಗೆ ಯಂತ್ರದ ಚಕ್ರ, ಸೈಕಲ್ ಚಕ್ರ ಅಥವಾ 12 ವೋಲ್ಟಿನ ವೈಪರ್ ಮೋಟಾರು ಇದಕ್ಕೆ ತಕ್ಕದ್ದು. ಚಕ್ರದ ಮಧ್ಯದಿಂದ 1 ಸೆಂ.ಮೀ. ದೂರದಲ್ಲಿ ಮೊಳೆಯೊಂದನ್ನು ಕೂರಿಸಿ, ಅದರಿಂದ ಹಲಗೆಗೆ ಕಡ್ಡಿಯೊಂದನ್ನು ಜೋಡಿಸಿದರೆ ಹಲಗೆಯು ನಡುಸ್ಥಾನದಿಂದ ಎರಡೂ ಕಡೆಗೆ 1 ಸೆಂ.ಮೀ. ಚಲಿಸುತ್ತದೆ. ಈ ಗರಿಷ್ಠ ದೂರಕ್ಕೆ ಪಾರ ಎಂದು ಹೆಸರು.

ಪೀಠದ ಗರಿಷ್ಠ ವೇಗೋತ್ಕರ್ಷವನ್ನು ಲೆಕ್ಕ ಹಾಕಬಹುದು. ಪೈ ಸಂಖ್ಯೆಯ ವರ್ಗ, ಆವೃತ್ತಿಯ ವರ್ಗ ಮತ್ತು ಪಾರ, ಈ ಮೂರನ್ನೂ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಬೇಕು. 1 ಸೆಂ.ಮೀ. ಪಾರಕ್ಕೆ ದೊರೆಯುವ ಬೆಲೆಗಳು ಗುರುತ್ವದ ಭಾಗವಾಗಿ ಹೀಗಿವೆ:

- ಸೆಕೆಂಡಿಗೆ 1 ಸುತ್ತು: 0.04
- ಸೆಕೆಂಡಿಗೆ 2 ಸುತ್ತು: 0.16
- ಸೆಕೆಂಡಿಗೆ 3 ಸುತ್ತು: 0.36
- ಸೆಕೆಂಡಿಗೆ 4 ಸುತ್ತು: 0.64
- ಸೆಕೆಂಡಿಗೆ 5 ಸುತ್ತು: ಸುಮಾರು 1

ವೇಗ ಇಮ್ಮಡಿಯಾದರೆ ವೇಗೋತ್ಕರ್ಷ ನಾಲ್ಕು ಪಟ್ಟಾಗುವುದನ್ನು ಇಲ್ಲಿ ಗಮನಿಸಬಹುದು. ಐಎಸ್ 1893ರ 2016ರ ಆವೃತ್ತಿಯಲ್ಲಿ ಎರಡು, ಮೂರು, ನಾಲ್ಕು ಮತ್ತು ಐದನೆಯ ವಲಯಗಳಿಗೆ ನೀಡಿರುವ ವಲಯಾಂಕಗಳು ಕ್ರಮವಾಗಿ 0.10, 0.16, 0.24 ಮತ್ತು 0.36. ಪಟ್ಟಿಯ ಕೆಲವು ಸಂಖ್ಯೆಗಳು ಇವುಗಳೊಂದಿಗೆ ತಾಳೆಯಾಗುವುದು ಕೇವಲ ಕಾಕತಾಳೀಯ. ಸೆಕೆಂಡಿಗೆ ಮೂರು ಸುತ್ತಿನಲ್ಲಿ ನಿಂತ ಮಾದರಿಯನ್ನು ಐದನೆಯ ವಲಯಕ್ಕೆ ಯೋಗ್ಯವೆಂದು ಹೇಳಲಾಗದು.

ಮೊದಲ ಪ್ರಯೋಗ: ಚೌಕಟ್ಟಿನ ಮಾದರಿ

ಒಂದೇ ಅಗಲ ಮತ್ತು ದಪ್ಪದ ನಾಲ್ಕು ಬಿದಿರಿನ ಸೀಳುಗಳನ್ನು ಕಂಬಗಳಾಗಿ ಬಳಸಿ, ಮೇಲೆ ಚಿಕ್ಕ ಹಲಗೆಯನ್ನು ಅಂಟಿಸಿ ಒಂದು ಅಂತಸ್ತಿನ ಚೌಕಟ್ಟನ್ನು ಮಾಡಬೇಕು. ಮೊದಲು ಅದರ ಬಿಗಿತವನ್ನು ಅಳೆಯಬೇಕು. ಮೇಲಿನ ಹಲಗೆಗೆ ದಾರ ಕಟ್ಟಿ, ರಾಟೆಯ ಮೂಲಕ ತೂಕವನ್ನು ಇಳಿಬಿಟ್ಟು, ಹಲಗೆ ಎಷ್ಟು ಸರಿಯಿತು ಎಂಬುದನ್ನು ಅಳತೆಪಟ್ಟಿಯಿಂದ ನೋಡಬೇಕು.

ಉದಾಹರಣೆಗೆ, 200 ಗ್ರಾಂ. ತೂಕಕ್ಕೆ ಹಲಗೆ 1 ಸೆಂ.ಮೀ. ಸರಿದರೆ ಬಿಗಿತವು ಪ್ರತಿ ಮೀಟರಿಗೆ ಸುಮಾರು 196 ನ್ಯೂಟನ್. ಮೇಲಿನ ರಾಶಿ ಅರ್ಧ ಕಿ.ಗ್ರಾಂ. ಇದ್ದರೆ, ರಾಶಿಯನ್ನು ಬಿಗಿತದಿಂದ ಭಾಗಿಸಿ, ಅದರ ವರ್ಗಮೂಲವನ್ನು ಪೈನ ಎರಡರಷ್ಟರಿಂದ ಗುಣಿಸಿದಾಗ ಆಂದೋಲನ ಕಾಲ ಸುಮಾರು 0.32 ಸೆಕೆಂಡ್ ಎಂದು ಬರುತ್ತದೆ. ಅಂದರೆ ಹತ್ತು ತೂಗಾಟಗಳಿಗೆ ಸುಮಾರು 3.2 ಸೆಕೆಂಡ್. ಹಲಗೆಯನ್ನು ಬೆರಳಿನಿಂದ ಸರಿಸಿ ಬಿಟ್ಟು, ಮೊಬೈಲಿನ ನಿಧಾನಗತಿಯ ಚಿತ್ರೀಕರಣದಲ್ಲಿ ತೂಗಾಟಗಳನ್ನು ಎಣಿಸಿ ಈ ಲೆಕ್ಕವನ್ನು ತಾಳೆ ನೋಡಬಹುದು.

ನಂತರ ಪೀಠದ ವೇಗವನ್ನು ನಿಧಾನವಾಗಿ ಹೆಚ್ಚಿಸಬೇಕು. ಸೆಕೆಂಡಿಗೆ ಮೂರು ಸುತ್ತು ಸಮೀಪಿಸಿದಂತೆ ಈ ಚೌಕಟ್ಟು ತೀವ್ರವಾಗಿ ತೂಗಾಡುತ್ತದೆ. ಮುರಿಯದೆ ಉಳಿದರೆ, ವೇಗ ಮತ್ತಷ್ಟು ಹೆಚ್ಚಿದಾಗ ತೂಗಾಟ ಕಡಿಮೆಯಾಗುತ್ತದೆ. ಅನುನಾದವು ಹೀಗೆ ಪ್ರತ್ಯಕ್ಷವಾಗುತ್ತದೆ. ಅದೇ ಅಳತೆಯ ಮತ್ತೊಂದು ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಓರೆ ಪಟ್ಟಿಗಳನ್ನು ಅಂಟಿಸಿ ಪರೀಕ್ಷಿಸಿದರೆ ಬಿಗಿತ ಬಹಳ ಹೆಚ್ಚಾಗಿ, ಅದೇ ವೇಗದಲ್ಲಿ ಮಾದರಿ ಹೆಚ್ಚು ಕದಲುವುದಿಲ್ಲ. ಆಯತವು ಸುಲಭವಾಗಿ ಓರೆಯಾಗುತ್ತದೆ, ತ್ರಿಭುಜವು ಆಗುವುದಿಲ್ಲ ಎಂಬ ರೇಖಾಗಣಿತದ ಸಂಗತಿಯೇ ಇದರ ಆಧಾರ.

ಎರಡನೆಯ ಪ್ರಯೋಗ: ಗೋಡೆಯ ಮನೆ

ಹಳ್ಳಿಯ ಮನೆಗಳಿಗೆ ಹತ್ತಿರವಾದದ್ದು ಈ ಪ್ರಯೋಗ. ಜೇಡಿಮಣ್ಣಿನಿಂದ 5 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರದ ಪುಟ್ಟ ಇಟ್ಟಿಗೆಗಳನ್ನು ಒಂದೇ ಅಚ್ಚಿನಲ್ಲಿ ಮಾಡಿ ಒಣಗಿಸಬೇಕು. ಅವುಗಳಿಂದ ಮಣ್ಣಿನ ಗಾರೆ ಬಳಸಿ, 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಎರಡು ಮನೆಗಳನ್ನು ಬೇರೆ ಬೇರೆ ಹಲಗೆಗಳ ಮೇಲೆ ಕಟ್ಟಬೇಕು. ಪರೀಕ್ಷೆಯ ಸಮಯದಲ್ಲಿ ಆ ಹಲಗೆಯನ್ನು ಪೀಠಕ್ಕೆ ಬಿಗಿಯಬೇಕು. ಗಾರೆ, ಬಾಗಿಲು ಕಿಟಕಿಗಳ ಸ್ಥಾನ, ಮಾಡಿನ ತೂಕ, ಒಣಗಿಸುವ ದಿನಗಳು ಎರಡಕ್ಕೂ ಒಂದೇ ಆಗಿರಬೇಕು.

ಮೊದಲ ಮನೆಗೆ ಯಾವ ಬಲವರ್ಧನೆಯೂ ಬೇಡ. ಎರಡನೆಯದಕ್ಕೆ ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವಂತೆ ಎರಡು ಸಮಾನಾಂತರ ಬಿದಿರಿನ ಸೀಳುಗಳನ್ನು ಗಾರೆಯಲ್ಲಿ ಕೂರಿಸಿ, ಮೂಲೆಗಳಲ್ಲಿ ತಂತಿಯಿಂದ ಬಿಗಿಯಾಗಿ ಕಟ್ಟಬೇಕು. ಇದು ನಿಜವಾದ ಕಟ್ಟಡಗಳ ಲಿಂಟಲ್ ಪಟ್ಟಿಯ ಪ್ರತಿರೂಪ. ಪಟ್ಟಿ ಎಲ್ಲಿಯೂ ತುಂಡಾಗಬಾರದು. ಪ್ರತಿ ಬಾಗಿಲ ಮೇಲೂ ಬಿಡಿಬಿಡಿಯಾಗಿ ಇಟ್ಟ ಲಿಂಟಲ್ ಈ ಕೆಲಸ ಮಾಡುವುದಿಲ್ಲ.

ಪೀಠವನ್ನು ಸೆಕೆಂಡಿಗೆ ಒಂದು ಸುತ್ತಿನಿಂದ ಆರಂಭಿಸಿ, ಪ್ರತಿ ಹಂತದಲ್ಲೂ 30 ಸೆಕೆಂಡ್ ಅಲುಗಾಡಿಸಿ, ನಿಲ್ಲಿಸಿ, ಬಿರುಕುಗಳನ್ನು ಬಣ್ಣದ ಸೀಮೆಸುಣ್ಣದಿಂದ ಗುರುತಿಸಬೇಕು. ದಾಖಲಿಸಬೇಕಾದ ಅಂಶಗಳು:

- ಮೊದಲ ಬಿರುಕು ಕಂಡ ವೇಗ ಮತ್ತು ಸ್ಥಳ
- ಗೋಡೆಗಳು ಮೂಲೆಯಲ್ಲಿ ಬೇರ್ಪಟ್ಟ ವೇಗ
- ಗೋಡೆ ಅಥವಾ ಮಾಡು ಬಿದ್ದ ವೇಗ
- ಬಿದ್ದ ದಿಕ್ಕು: ಮನೆಯ ಒಳಗೋ ಹೊರಗೋ

ಬಲವರ್ಧನೆ ಇಲ್ಲದ ಮನೆಯಲ್ಲಿ ಸಾಮಾನ್ಯವಾಗಿ ಮೂಲೆಗಳಲ್ಲಿ ಲಂಬವಾದ ಬಿರುಕು, ಕಿಟಕಿಯ ಮೂಲೆಗಳಿಂದ ಓರೆ ಬಿರುಕು ಕಾಣುತ್ತವೆ. ಕಂಪನದ ದಿಕ್ಕಿಗೆ ಅಡ್ಡವಾಗಿ ನಿಂತ ಗೋಡೆಯು ಮೂಲೆಯ ಹಿಡಿತ ತಪ್ಪಿ ಹೊರಗೆ ವಾಲಿ ಬೀಳುತ್ತದೆ. ಪಟ್ಟಿ ಇರುವ ಮನೆಯಲ್ಲಿಯೂ ಬಿರುಕುಗಳು ಮೂಡುತ್ತವೆ. ಆದರೆ ಪಟ್ಟಿಯು ನಾಲ್ಕು ಗೋಡೆಗಳನ್ನು ಒಂದು ಪೆಟ್ಟಿಗೆಯಂತೆ ಹಿಡಿದಿಡುವುದರಿಂದ ಕುಸಿತ ತಡವಾಗುತ್ತದೆ. ಬಿರುಕಿಗೂ ಕುಸಿತಕ್ಕೂ ನಡುವಿನ ಈ ಅಂತರವೇ ಪ್ರಯೋಗದ ಮುಖ್ಯ ಫಲಿತಾಂಶ. ನಿಜವಾದ ಭೂಕಂಪದಲ್ಲಿ ಮನೆಯವರು ಬದುಕಿ ಹೊರಬರಲು ಸಿಗುವ ಅವಕಾಶವನ್ನು ಅದು ಸೂಚಿಸುತ್ತದೆ.

ಮೂರನೆಯ ಪ್ರಯೋಗ: ಮಾಡಿನ ತೂಕ ಮತ್ತು ತೆರೆದ ನೆಲ ಅಂತಸ್ತು

ಮೊದಲ ಪ್ರಯೋಗದ ಚೌಕಟ್ಟಿನ ಮೇಲೆ ತೂಕವನ್ನು ಇಮ್ಮಡಿಗೊಳಿಸಿ ಪರೀಕ್ಷೆಯನ್ನು ಪುನರಾವರ್ತಿಸಿದರೆ ಆಂದೋಲನ ಕಾಲ ಸುಮಾರು 1.4 ಪಟ್ಟು ಹೆಚ್ಚುತ್ತದೆ; ಅದೇ ವೇಗೋತ್ಕರ್ಷಕ್ಕೆ ಕಂಬಗಳ ಮೇಲೆ ಬೀಳುವ ಬಲವೂ ಹೆಚ್ಚುತ್ತದೆ. ಹಾಗೆಯೇ ಎರಡು ಅಂತಸ್ತಿನ ಚೌಕಟ್ಟಿನಲ್ಲಿ ಮೇಲಿನ ಅಂತಸ್ತಿಗೆ ಮಾತ್ರ ರಟ್ಟಿನ ಗೋಡೆ ಅಂಟಿಸಿ ಕೆಳಗಿನದನ್ನು ತೆರೆದಿಟ್ಟರೆ, ತೂಗಾಟವೆಲ್ಲ ಕೆಳಗಿನ ಕಂಬಗಳಲ್ಲೇ ಕೇಂದ್ರೀಕೃತವಾಗುತ್ತದೆ. ಇದನ್ನು ಮೃದು ಅಂತಸ್ತು ಎನ್ನುತ್ತಾರೆ. ಭುಜ್ ಭೂಕಂಪದಲ್ಲಿ, ಕೇಂದ್ರಬಿಂದುವಿನಿಂದ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ, ವಾಹನ ನಿಲುಗಡೆಗೆ ನೆಲ ಅಂತಸ್ತನ್ನು ತೆರೆದಿಟ್ಟಿದ್ದ ಹಲವು ಬಹುಮಹಡಿ ಕಟ್ಟಡಗಳು ಕುಸಿದದ್ದಕ್ಕೆ ಇದು ಒಂದು ಮುಖ್ಯ ಕಾರಣವಾಗಿತ್ತು.

ಪ್ರಮಾಣದ ಸಮಸ್ಯೆ

ಚಿಕ್ಕ ಮಾದರಿಯು ನಿಜವಾದ ಕಟ್ಟಡಕ್ಕಿಂತ ಸಹಜವಾಗಿಯೇ ಗಟ್ಟಿಯಾಗಿ ಕಾಣುತ್ತದೆ. ಕಟ್ಟಡದ ಎಲ್ಲ ಅಳತೆಗಳನ್ನೂ ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೆ, ಗೋಡೆಯ ಅಡ್ಡಕೊಯ್ತದ ವಿಸ್ತೀರ್ಣ ನೂರನೆಯ ಒಂದು ಭಾಗವಾಗುತ್ತದೆ, ತೂಕ ಸಾವಿರದ ಒಂದು ಭಾಗವಾಗುತ್ತದೆ. ಹೀಗಾಗಿ ತನ್ನ ತೂಕದಿಂದ ಗೋಡೆಯಲ್ಲಿ ಉಂಟಾಗುವ ಒತ್ತಡ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾತ್ರ ಮತ್ತು ಬಲದ ಈ ಸಂಬಂಧವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ವಿವರಿಸಿದ್ದಾನೆ.

ಈ ಕೊರತೆಯನ್ನು ಭಾಗಶಃ ಸರಿಪಡಿಸಲು ಮಾಡಿನ ಮೇಲೆ ಮರಳಿನ ಚೀಲ ಅಥವಾ ಕಬ್ಬಿಣದ ತುಂಡುಗಳನ್ನು ಹೆಚ್ಚುವರಿಯಾಗಿ ಇಡುವುದು, ಗಾರೆಯನ್ನು ದುರ್ಬಲವಾಗಿ ಕಲಸುವುದು ರೂಢಿ. ಹೆಚ್ಚುವರಿ ತೂಕ ಜಾರದಂತೆ ಕಟ್ಟಿರಬೇಕು. ಸಂಶೋಧಕರು ಅರ್ಧ ಗಾತ್ರದಷ್ಟು ದೊಡ್ಡ ಮಾದರಿಗಳನ್ನು ಆರಿಸಿಕೊಳ್ಳುವುದಕ್ಕೂ ಇದೇ ಕಾರಣ.

ಮಿತಿಗಳು ಮತ್ತು ಎಚ್ಚರಿಕೆ

ಚಕ್ರದಿಂದ ನಡೆಯುವ ಪೀಠವು ಒಂದೇ ದಿಕ್ಕಿನಲ್ಲಿ, ಒಂದೇ ಲಯದಲ್ಲಿ ಅಲುಗುತ್ತದೆ. ನಿಜವಾದ ಭೂಕಂಪದಲ್ಲಿ ಅನೇಕ ಆವೃತ್ತಿಗಳು ಬೆರೆತಿರುತ್ತವೆ, ನೆಲವು ಮೇಲೆ ಕೆಳಗೆಯೂ ಚಲಿಸುತ್ತದೆ. ಹಲಗೆಯ ಮೇಲಿನ ಮಾದರಿಯಲ್ಲಿ ತಳಪಾಯದ ಕೆಳಗಿನ ಮಣ್ಣಿನ ಪಾತ್ರವೂ ಇರುವುದಿಲ್ಲ. ಒಂದು ಜೊತೆ ಮಾದರಿಗಳ ಫಲಿತಾಂಶವು ಕಟ್ಟಿದವರ ಕೈಗುಣದಿಂದಲೂ ಬದಲಾಗಬಹುದು. ಆದ್ದರಿಂದ ಕನಿಷ್ಠ ಮೂರು ಜೊತೆಗಳನ್ನು ಪರೀಕ್ಷಿಸಿ ಸರಾಸರಿ ತೆಗೆಯುವುದು ಸೂಕ್ತ. ನಿಜವಾದ ಮನೆಯೊಂದು ಸುರಕ್ಷಿತವೇ ಎಂಬ ಪ್ರಶ್ನೆಗೆ ಈ ಪ್ರಯೋಗದಿಂದ ಉತ್ತರ ದೊರೆಯುವುದಿಲ್ಲ. ಅದಕ್ಕೆ ಅರ್ಹ ಎಂಜಿನಿಯರರ ಪರಿಶೀಲನೆ ಅಗತ್ಯ.

ಪರೀಕ್ಷೆಯ ಸಮಯದಲ್ಲಿ ಇಟ್ಟಿಗೆಯ ಚೂರುಗಳು ಸಿಡಿಯುವ ಸಂಭವವಿರುವುದರಿಂದ ಕಣ್ಣಿಗೆ ರಕ್ಷಣೆ ಇರಬೇಕು. ತಿರುಗುವ ಚಕ್ರಕ್ಕೆ ಬಟ್ಟೆ, ಜಡೆ ಸಿಕ್ಕದಂತೆ ಮರೆ ಕಟ್ಟಬೇಕು. ಮೋಟಾರಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಬಳಸದೆ 12 ವೋಲ್ಟಿನ ಬ್ಯಾಟರಿಯನ್ನು ಬಳಸಬೇಕು.

ಕಟ್ಟಡ ನಿರ್ಮಾಣದಲ್ಲಿ ಅನ್ವಯ

ಪ್ರಯೋಗದಲ್ಲಿ ಕಾಣುವ ತತ್ತ್ವಗಳನ್ನು ಭಾರತೀಯ ಮಾನಕಗಳು ನಿಯಮಗಳ ರೂಪದಲ್ಲಿ ನೀಡಿವೆ. ಐಎಸ್ 4326 ಕಟ್ಟಡಗಳ ಭೂಕಂಪ ನಿರೋಧಕ ನಿರ್ಮಾಣಕ್ಕೆ, ಐಎಸ್ 13827 ಮಣ್ಣಿನ ಮನೆಗಳಿಗೆ, ಐಎಸ್ 13828 ಕಡಿಮೆ ಬಲದ ಕಲ್ಲು ಮತ್ತು ಇಟ್ಟಿಗೆ ಕಟ್ಟಡಗಳಿಗೆ, ಐಎಸ್ 13920 ಕಾಂಕ್ರೀಟ್ ಕಟ್ಟಡಗಳ ತನ್ಯತೆಗೆ ಸಂಬಂಧಿಸಿವೆ. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಭೂಕಂಪ ಎಂಜಿನಿಯರಿಂಗ್ ಮಾಹಿತಿ ಕೇಂದ್ರವು ಸಿ. ವಿ. ಆರ್. ಮೂರ್ತಿ ಅವರು ಬರೆದ ಸಚಿತ್ರ ಪಾಠಮಾಲೆಯ ಮೂಲಕ ಈ ವಿಷಯಗಳನ್ನು ಸಾಮಾನ್ಯ ಓದುಗರಿಗೆ ತಲುಪಿಸಿದೆ.

ಸಣ್ಣ ಮನೆಗಳ ವಿಷಯದಲ್ಲಿ ಮುಖ್ಯ ಸೂಚನೆಗಳು ಹೀಗಿವೆ: ಮನೆಯ ನಕ್ಷೆ ಸರಳವಾದ ಚೌಕ ಅಥವಾ ಆಯತವಾಗಿರಬೇಕು; ಬಾಗಿಲು ಕಿಟಕಿಗಳು ಮೂಲೆಗಳಿಂದ ದೂರವಿರಬೇಕು; ಕಲ್ಲಿನ ಗೋಡೆಗೆ ಪೂರ್ಣ ದಪ್ಪಕ್ಕೆ ಹಾಯುವ ಉದ್ದ ಕಲ್ಲುಗಳನ್ನು ನಡುನಡುವೆ ಇಡಬೇಕು; ಲಿಂಟಲ್ ಮಟ್ಟದಲ್ಲಿ ತುಂಡಾಗದ ಪಟ್ಟಿ ಇರಬೇಕು; ಮಾಡು ಹಗುರವಾಗಿದ್ದು ಗೋಡೆಗೆ ಬಿಗಿದಿರಬೇಕು. ಲಿಂಟಲ್ ಪಟ್ಟಿಯನ್ನು ಗೋಡೆ ಕಟ್ಟುವಾಗಲೇ ಅಳವಡಿಸುವುದು ಸುಲಭ. ಮನೆ ಪೂರ್ಣಗೊಂಡ ನಂತರ ಅದೇ ಬಂಧವನ್ನು ಹೊರಗಿನಿಂದ ಒದಗಿಸುವುದು ಸಾಧ್ಯವಾದರೂ ಹೆಚ್ಚು ಶ್ರಮ ಮತ್ತು ವೆಚ್ಚದ ಕೆಲಸ.